ಕರಾವಳಿಯಲ್ಲಿ ನೂರು ವರ್ಷದ ಪಿಸ್ತೂಲು: ಕಾಗದ ಮೊದಲು, ಕಬ್ಬಿಣ ಆಮೇಲೆ

ಉತ್ತರ ಕನ್ನಡಕ್ಕೆ ಕೋವಿ ಹೊಸದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಮಂಗ, ಕಾಡುಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇಂದಿಗೂ ಗೋಡೆಗೆ ಒರಗಿ ನಿಂತಿರುತ್ತದೆ. ಪಿಸ್ತೂಲಿನ ಸಂಗತಿಯೇ ಬೇರೆ. ಅದು ಕಾಣಿಸುವುದು ಕೆಲವೇ ಮನೆಗಳಲ್ಲಿ, ಅದೂ ಹಿರಿಯರು ತೀರಿಕೊಂಡು ಟ್ರಂಕು ತೆಗೆದಾಗ. ಹೀಗೆ ಹೊರಬರುವ ಪಿಸ್ತೂಲುಗಳಲ್ಲಿ ಹೆಚ್ಚಿನವು 1900ರಿಂದ 1930ರ ನಡುವೆ ಬೆಲ್ಜಿಯಂ, ಇಂಗ್ಲೆಂಡ್, ಅಮೆರಿಕ, ಜರ್ಮನಿಗಳಲ್ಲಿ ತಯಾರಾದ ಸೆಮಿ-ಆಟೋಮ್ಯಾಟಿಕ್‌ಗಳು. ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಆ ಹೊಡೆತದ ಬಲದಲ್ಲೇ ಸ್ಲೈಡ್, ಎಂದರೆ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ, ಹಿಂದೆ ಸರಿದು ಖಾಲಿ ತೋಟೆಯನ್ನು ಎಸೆಯುತ್ತದೆ, ಮುಂದೆ ಬರುವಾಗ ಹೊಸ ತೋಟೆಯನ್ನು ನಳಿಗೆಗೆ ಏರಿಸುತ್ತದೆ.

ಇವುಗಳನ್ನು ಸಂಗ್ರಹಿಸುವ ಆಸೆ ಇದ್ದವರು ಮೊದಲು ತಿಳಿಯಬೇಕಾದ ಲೆಕ್ಕ ಒಂದೇ: ಎರಡು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಪಿತ್ರಾರ್ಜಿತವಾಗಿ ಬಂದದ್ದೂ ಈ ಎರಡರ ಲೆಕ್ಕದೊಳಗೇ ಸೇರುತ್ತದೆ. ತೋಟದ ಕೋವಿ ನಿಮ್ಮ ಹೆಸರಿನಲ್ಲೇ ಇದ್ದರೆ ಉಳಿಯುವುದು ಒಂದೇ ಜಾಗ. ಆದ್ದರಿಂದ ನಮ್ಮಲ್ಲಿ ಸಂಗ್ರಹ ಎಂದರೆ ಗೋಡೆ ತುಂಬಾ ಸಾಲಾಗಿ ತೂಗುಹಾಕುವುದಲ್ಲ. ಒಂದೋ ಎರಡೋ ಅಸಲಿ ತುಂಡುಗಳನ್ನು ಅವುಗಳ ಚರಿತ್ರೆಯ ಕಾಗದದ ಜೊತೆ ಕೆಡದಂತೆ ಉಳಿಸಿಕೊಳ್ಳುವುದು. ಮಿಕ್ಕ ಹುಚ್ಚನ್ನು ಹಳೆಯ ಕ್ಯಾಟಲಾಗು, ಕೈಪಿಡಿ, ಚರ್ಮದ ಹೋಲ್‌ಸ್ಟರ್, ಮೂಲ ರಟ್ಟಿನ ಡಬ್ಬಿ, ಅಂಗಡಿ ರಸೀದಿಗಳ ಮೇಲೆ ತೀರಿಸಿಕೊಳ್ಳಬಹುದು. ಆದರೆ ಬಿಡಿ ನಳಿಗೆ, ಬಿಡಿ ಸ್ಲೈಡ್, ಬಿಡಿ ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಕೊಳ್ಳಲು ಹೋಗಬೇಡಿ. ಕಾಯ್ದೆಯ ಅರ್ಥದಲ್ಲಿ ಆಯುಧದ ಭಾಗವೂ ಆಯುಧವೇ.

ಟ್ರಂಕಿನಲ್ಲಿ ಸಿಕ್ಕ ದಿನ

ಹಳೆಯ ಪಿಸ್ತೂಲು ಸಿಕ್ಕಿದೆ, ಕಾಗದ ಎಲ್ಲಿದೆಯೋ ಗೊತ್ತಿಲ್ಲ. ಆಗ ಎಲ್ಲರೂ ಮಾಡುವ ಎಡವಟ್ಟು ಎಂದರೆ ಅದನ್ನು ಚೀಲಕ್ಕೆ ಹಾಕಿಕೊಂಡು ಯಾರಿಗಾದರೂ ತೋರಿಸಲು ಹೊರಡುವುದು. ಲೈಸೆನ್ಸ್ ಇಲ್ಲದೆ ಹೊತ್ತು ತಿರುಗುವುದೇ ಅಪರಾಧ. ಸಾಮಾನ್ಯ ಬೋರಿನದಾದರೆ (ಬೋರು ಎಂದರೆ ನಳಿಗೆಯ ಒಳ ಅಳತೆ) ಎರಡರಿಂದ ಐದು ವರ್ಷ, ನಿಷೇಧಿತ ವರ್ಗದ್ದಾದರೆ ಏಳರಿಂದ ಹದಿನಾಲ್ಕು ವರ್ಷ ಜೈಲು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಹಂಚುವುದೂ ಜಾಣತನವಲ್ಲ. ಇದ್ದಲ್ಲೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಠಾಣೆಗೆ ಸುದ್ದಿ ಮುಟ್ಟಿಸಿ, ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಲೀಕರು ತೀರಿಕೊಂಡ ಮೇಲೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಪಡೆದ ಡೀಲರ್ ಬಳಿಯೋ ಠೇವಣಿ ಇಡಬೇಕೆಂದು ಕಾಯ್ದೆಯ ಸೆಕ್ಷನ್ 21 ಹೇಳುತ್ತದೆ. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಾರಸುದಾರರು ಲೈಸೆನ್ಸ್ ಪಡೆದು ವಾಪಸ್ ತೆಗೆದುಕೊಳ್ಳಬಹುದು, ಇಲ್ಲವೇ ಅರ್ಹರಿಗೆ ಮಾರಬಹುದು.

ಪಿಸ್ತೂಲನ್ನು ಖಾಲಿ ಮಾಡುವ ಕೆಲಸ ಗೊತ್ತಿರುವವರದ್ದು. ಆದರೆ ಕ್ರಮ ಎಲ್ಲರಿಗೂ ತಿಳಿದಿರಬೇಕು. ಬಾಯಿ ಜನರಿಲ್ಲದ ಕಡೆ, ಬೆರಳು ಟ್ರಿಗರ್‌ನಿಂದ ದೂರ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಕೊನೆಗೆ ತೋಟೆ ಕೂರುವ ನಳಿಗೆಯ ಗೂಡಿಗೆ ಕಣ್ಣು ಹಾಕಿ ನೋಡುವುದು. ಉಲ್ಟಾ ಮಾಡಿದರೆ, ಎಂದರೆ ಸ್ಲೈಡ್ ಎಳೆದು ಬಿಟ್ಟು ಆಮೇಲೆ ಮ್ಯಾಗಜೀನ್ ತೆಗೆದರೆ, ಮೇಲಿನ ತೋಟೆ ಅಷ್ಟರಲ್ಲೇ ನಳಿಗೆಗೆ ಏರಿಬಿಟ್ಟಿರುತ್ತದೆ. ಮ್ಯಾಗಜೀನ್ ಕೈಯಲ್ಲಿದೆ, ಪಿಸ್ತೂಲು ಖಾಲಿ ಎಂಬ ನಂಬಿಕೆಯಲ್ಲೇ ಅನಾಹುತಗಳು ಆಗುವುದು. ಅಮೆರಿಕದ ಕೋಲ್ಟ್ 1903ರಲ್ಲಿ ಹ್ಯಾಮರ್, ಎಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆ, ಸ್ಲೈಡಿನೊಳಗೆ ಅಡಗಿದೆ. ಏರಿದೆಯೋ ಇಳಿದಿದೆಯೋ ಹೊರಗಿನಿಂದ ಕಾಣದು. ಯುರೋಪಿನ ಹಳೆಯ ಮಾದರಿಗಳಲ್ಲಿ ಮ್ಯಾಗಜೀನ್ ಬಿಡಿಸುವ ಕೊಂಡಿ ಸಾಮಾನ್ಯವಾಗಿ ಹಿಡಿಯ ಬುಡದಲ್ಲಿ, ಹಿಂಬದಿಗೆ ಇರುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ಮೌಸರ್ ಸಿ96ಕ್ಕೆ ಕಳಚುವ ಮ್ಯಾಗಜೀನೇ ಇಲ್ಲ. ಹತ್ತು ತೋಟೆ ಟ್ರಿಗರ್‌ನ ಮುಂದಿನ ಗೂಡಿನೊಳಗೇ ಕೂತಿರುತ್ತವೆ. ಅದನ್ನು ಮನೆಯಲ್ಲಿ ಖಾಲಿ ಮಾಡುವ ಪ್ರಯತ್ನವೇ ಬೇಡ.

ಜೊತೆಗೆ ಸಿಗುವ ಹಸಿರು ಕಿಲುಬು ಹಿಡಿದ ತೋಟೆಗಳನ್ನು ಬಾವಿಗೋ ಹೊಳೆಗೋ ಎಸೆಯಬಾರದು. ಲೆಕ್ಕ ಬರೆದು ಪಿಸ್ತೂಲಿನ ಜೊತೆಗೇ ಠೇವಣಿ ಇಡಿ.

ಲೈಸೆನ್ಸಿನ ದಾರಿ

ಸಾಮಾನ್ಯ ಬೋರಿನ ಪಿಸ್ತೂಲಿಗೆ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿ, ನಮ್ಮಲ್ಲಿ ಎಂದರೆ ಕಾರವಾರದ ಜಿಲ್ಲಾಧಿಕಾರಿ ಕಚೇರಿ. ನಿಷೇಧಿತ ಬೋರಿನದಾದರೆ ಅದು ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿರುವ ಸಂಗತಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಬೀಗದಲ್ಲಿ ಇಡುತ್ತೇನೆಂಬ ಮುಚ್ಚಳಿಕೆ, ಪೊಲೀಸ್ ವರದಿ ಇಷ್ಟೂ ಬೇಕು. ಲೈಸೆನ್ಸಿಗೆ ರಾಷ್ಟ್ರೀಯ ದತ್ತಾಂಶದ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ ಇರಲೇಬೇಕು. ಅಜ್ಜನ ಕಾಲದ ಕೈಬರಹದ ಪುಸ್ತಕ ಎಷ್ಟೇ ಚಂದವಿದ್ದರೂ ಆ ಸಂಖ್ಯೆ ಇಲ್ಲದಿದ್ದರೆ ಅದು ಇಂದು ಲೈಸೆನ್ಸ್ ಅಲ್ಲ. ಅವಧಿ ಐದು ವರ್ಷ. ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿಬಿಡುವುದು ಕ್ಷೇಮ.

ಮನೆಯ ಹಿರಿಯರು ಬದುಕಿರುವಾಗಲೇ ವರ್ಗಾಯಿಸುವ ದಾರಿಯೊಂದಿದೆ, ಹಲವರಿಗೆ ಇದು ಗೊತ್ತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಆಗ, ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಸೂಚಿಸಬಹುದು. ಅಪ್ಪ, ದೊಡ್ಡಪ್ಪ ಕೈಯಾರೆ ಸಹಿ ಮಾಡಿಕೊಡುವಾಗ ಮುಗಿಸಿಕೊಂಡ ಕೆಲಸ ಸಲೀಸು. ಅವರು ಹೋದ ಮೇಲೆ ವಂಶಾವಳಿ, ಮರಣ ಪ್ರಮಾಣಪತ್ರ, ಅಣ್ಣತಮ್ಮ, ಅಕ್ಕತಂಗಿಯರ ಒಪ್ಪಿಗೆ ಪತ್ರ ಅಂತ ಎಲ್ಲರ ಮನೆ ಬಾಗಿಲು ತಟ್ಟಬೇಕಾಗುತ್ತದೆ, ಆಸ್ತಿ ಪಾಲಿನ ಹಳೆಯ ಮುನಿಸೂ ಅಲ್ಲೇ ಎದ್ದು ಕೂರುತ್ತದೆ.

ಹೊರಗಿನವರಿಂದ ಕೊಳ್ಳುವಾಗ: ಮಾರುವವರು ತಮ್ಮ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೋ ಠಾಣೆಗೋ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಳೆಯುವವರೆಗೆ ಪಿಸ್ತೂಲು ಕೈ ಬದಲಾಗಬಾರದು. "ಈಗ ತೆಗೆದುಕೊಂಡು ಹೋಗಿ, ಕಾಗದ ಆಮೇಲೆ ನೋಡೋಣ" ಎನ್ನುವ ವ್ಯವಹಾರದಿಂದ ಎದ್ದು ಬನ್ನಿ.

"ನೂರು ವರ್ಷ ಆಯ್ತಲ್ಲ, ಇದು ಆಂಟಿಕ್, ಲೈಸೆನ್ಸ್ ಬೇಡ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಾಯ್ದೆಯ ಸೆಕ್ಷನ್ 45 ಪುರಾತನ ಆಯುಧಕ್ಕೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದ ಸ್ಥಿತಿಯಲ್ಲಿ ಅದು ಇದ್ದಾಗ ಮಾತ್ರ. 1910ರ ಬ್ರೌನಿಂಗ್ ಇಂದಿಗೂ ಹಾರುತ್ತದೆ, ಅದರ .32 ತೋಟೆ ಇಂದಿಗೂ ತಯಾರಾಗುತ್ತದೆ. 2020ರ ಫೆಬ್ರವರಿಯ ತಿದ್ದುಪಡಿ ಕ್ಯೂರಿಯೋ (ಅಪರೂಪದ ಸಂಗ್ರಹ ವಸ್ತು) ವರ್ಗದ ಸಣ್ಣ ಆಯುಧವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು ದಾರಿ ಮಾಡಿತು, ನಿಜ. ಬಳಸಲು, ಒಯ್ಯಲು, ಸಾಗಿಸಲು ಮಾತ್ರ ಲೈಸೆನ್ಸ್ ಬೇಕೇ ಬೇಕು. ಆದರೆ ತನ್ನ ಪಿಸ್ತೂಲು ಆ ವರ್ಗಕ್ಕೆ ಸೇರಿದ್ದೆಂದು ಮಾಲೀಕರೇ ತೀರ್ಮಾನಿಸಿ ಕೂತರೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದವರೂ ಅವರೇ. ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಬರುವವರೆಗೆ ಲೈಸೆನ್ಸ್ ಬೇಕಾದ ಆಯುಧವೆಂದೇ ನಡೆದುಕೊಳ್ಳಿ.

ಕಾರವಾರದವರಿಗೆ ಇನ್ನೊಂದು ತೊಡಕಿದೆ. ಮಾಜಾಳಿ ದಾಟಿದರೆ ಗೋವಾ. ಸಂತೆಗೆ, ಆಸ್ಪತ್ರೆಗೆ, ಮದುವೆಗೆ ದಿನಾ ಓಡಾಡುವ ದಾರಿಯಾದ್ದರಿಂದ ಅದು ಬೇರೆ ರಾಜ್ಯ ಎಂಬುದೇ ಮರೆತುಹೋಗುತ್ತದೆ. ಲೈಸೆನ್ಸಿನಲ್ಲಿ ವ್ಯಾಪ್ತಿ ಕರ್ನಾಟಕ ಎಂದಷ್ಟೇ ಇದ್ದರೆ ಪಿಸ್ತೂಲು ಗಡಿ ದಾಟುವಂತಿಲ್ಲ, ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗಿದ್ದರೂ.

ಯಾವುದು ಸಿಗುತ್ತದೆ, ಯಾವುದು ಬೇಡ

ಬೋರು ನೋಡದೆ ಮಾದರಿಗೆ ಮರುಳಾಗಬಾರದು. ಸರ್ವಿಸ್ 9 ಮಿ.ಮೀ. ತೋಟೆ, .45 ರಿಮ್‌ಲೆಸ್ (ಬುಡದ ಅಂಚು ಹೊರಚಾಚದ) ತೋಟೆ, .380 ಮತ್ತು .455 ರಿಮ್ ಇರುವ ತೋಟೆ ಹಿಡಿಸುವ ಪಿಸ್ತೂಲು, ರಿವಾಲ್ವರುಗಳು ನಿಷೇಧಿತ ಬೋರಿನವು. ಎಂದರೆ ಜರ್ಮನ್ ಸೈನ್ಯದ 9 ಮಿ.ಮೀ. ಲೂಗರ್ ಪಿ08, ಅಮೆರಿಕದ ಕೋಲ್ಟ್ 1911 ಸಾಮಾನ್ಯ ಸಂಗ್ರಾಹಕರ ಕೈಗೆ ಎಟುಕುವಂಥವಲ್ಲ. 1916ರಲ್ಲಿ ಹಿಡಿಯ ಮೇಲೆ ಕೆಂಪು 9 ಕೊರೆದು ಬಂದ ಮೌಸರ್ ಸಿ96 ಕೂಡ ಹಾಗೇ. 9 ಮಿ.ಮೀ. ಎಂದು ಎಲ್ಲೇ ಕೊರೆದಿರಲಿ, ದುಡ್ಡು ಕೊಡುವ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ.

ಉಳಿದದ್ದು .32 ಮತ್ತು .25 ಲೋಕ, ಅದೇನೂ ಚಿಕ್ಕದಲ್ಲ. ಬೆಲ್ಜಿಯಂನ ಎಫ್ಎನ್ ಕಾರ್ಖಾನೆಯ ಬ್ರೌನಿಂಗ್ 1900 ಮಾದರಿಯಲ್ಲಿ ಸ್ಪ್ರಿಂಗಿನ ಕೊಳವೆ ನಳಿಗೆಯ ಮೇಲೆ ಇದೆ, ಹಾಗಾಗಿ ಮುಂದಿನಿಂದ ನೋಡಿದರೆ ಎರಡು ನಳಿಗೆ ಇದ್ದಂತೆ ಕಾಣುತ್ತದೆ, ಏಳು ತೋಟೆ. ಎಫ್ಎನ್ 1910ರಲ್ಲಿ ಸ್ಪ್ರಿಂಗು ನಳಿಗೆಯನ್ನೇ ಸುತ್ತಿಕೊಂಡಿದೆ. 1914ರಲ್ಲಿ ಸರಾಯೆವೊದಲ್ಲಿ, ಮೊದಲ ಮಹಾಯುದ್ಧಕ್ಕೆ ಕಿಡಿಯಾದ ಗುಂಡು ಹಾರಿದ್ದು ಇದೇ ಮಾದರಿಯ, .380 ಆಟೋ ಬೋರಿನ (ಮೇಲೆ ಹೇಳಿದ ರಿಮ್ ಇರುವ .380 ಅಲ್ಲ) ಪಿಸ್ತೂಲಿನಿಂದ. ಕೋಲ್ಟ್ 1903 ಪಾಕೆಟ್ ಹ್ಯಾಮರ್‌ಲೆಸ್, ಎಂಟು ತೋಟೆ, 1945ರವರೆಗೆ ತಯಾರಾಯಿತು. ಚಂದ್ರಶೇಖರ ಆಜಾದರ ಕೋಲ್ಟ್ ಅಲಹಾಬಾದ್ ಮ್ಯೂಸಿಯಂನಲ್ಲಿದೆ. ವೆಬ್ಲಿ ಅಂಡ್ ಸ್ಕಾಟ್ .32 ಅನ್ನು ಲಂಡನ್ ಪೊಲೀಸರು 1911ರಲ್ಲಿ ಆಯ್ದುಕೊಂಡರು. ಹ್ಯಾಮರ್ ಹೊರಗೆ ಕಾಣುವ, ಚೌಕಟ್ಟಾದ, ನೋಡಲು ಒರಟಾದ ಪಿಸ್ತೂಲು. ಆದರೆ ಗಟ್ಟಿ. ಇವುಗಳಲ್ಲಿ ಒಂದನ್ನಷ್ಟೇ ಆರಿಸಬೇಕೆಂದರೆ ನಮ್ಮ ಓಟು ವೆಬ್ಲಿಗೇ: ಬಾಯಲ್ಲಿ ಹೇಳುವ ಕಥೆ ಕಡಿಮೆ, ಮೈಮೇಲಿನ ಗುರುತು ಹೆಚ್ಚು.

ಸಾಧಾರಣ ಗುಣಮಟ್ಟಕ್ಕೆ ಹೆಸರಾದದ್ದು ಸ್ಪೇನಿನ ಐಬರ್ ಪಟ್ಟಣದ ರೂಬಿ ಮಾದರಿ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆಂದು ಹತ್ತಾರು ಕಾರ್ಖಾನೆಗಳು ಇದನ್ನು ಅವಸರದಲ್ಲಿ ಮಾಡಿದವು. ಒಂದರ ಮ್ಯಾಗಜೀನ್ ಇನ್ನೊಂದಕ್ಕೆ ಕೂರದು, ಉಕ್ಕೂ ಮೆದು.

ಗಡಿಯಾಚೆಯ ನಂಟು ನಮ್ಮ ಕಡೆ ಒಂದು ವಿಶೇಷಕ್ಕೆ ಎಡೆಕೊಡುತ್ತದೆ. ಗೋವಾ 1961ರವರೆಗೆ ಪೋರ್ಚುಗೀಸರದ್ದು. ಪೋರ್ಚುಗಲ್ ಸೈನ್ಯ ತರಿಸಿದ 7.65 ಮಿ.ಮೀ. ಲೂಗರ್‌ಗಳ ನಳಿಗೆಯ ಗೂಡಿನ ಮೇಲೆ, ಎರಡನೇ ಮ್ಯಾನುಯೆಲ್ ದೊರೆಯ ಕಿರೀಟದ ಕೆಳಗೆ, ಎಂ ಅಕ್ಷರ ಮತ್ತು 2 ಹೆಣೆದ ಮುದ್ರೆ ಇರುತ್ತದೆ. ಅಂಥದ್ದು ಕಂಡರೆ ಕಣ್ಣರಳಿಸುವ ಮೊದಲು ಅದು ಕಾಳಿ ನದಿಯ ಈಚೆಗೆ ಯಾವ ಕಾಗದದ ಮೇಲೆ ಬಂತು ಎಂದು ಕೇಳಿ.

ಗುರುತು ಓದುವುದು

ಒಳ್ಳೆಯ ಬೆಳಕು, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ನೋಟ್‌ಬುಕ್ಕು ಸಾಕು. ಮೊದಲು ಸ್ಲೈಡಿನ ಮೇಲಿನ ಬರಹ, ಆಮೇಲೆ ನಂಬರು, ಕೊನೆಗೆ ಪರೀಕ್ಷಾ ಮುದ್ರೆ.

ಪರೀಕ್ಷಾ ಮುದ್ರೆ ಎಂದರೆ ಹೆಚ್ಚಿನ ಒತ್ತಡದ ತೋಟೆ ಹಾರಿಸಿ, ನಳಿಗೆ ಒಡೆಯಲಿಲ್ಲ ಎಂದು ಅಧಿಕೃತ ಪರೀಕ್ಷಾಲಯ ಒತ್ತಿದ ಠಸ್ಸೆ. ಕಥೆ ಹೇಳುವವರು ಸುಳ್ಳಾಡಬಹುದು, ಇದು ಆಡುವುದು ಕಷ್ಟ. ಅಂಡಾಕಾರದೊಳಗೆ ಇಎಲ್‌ಜಿ ಅಕ್ಷರ, ಕೆಳಗೆ ನಕ್ಷತ್ರ, ಮೇಲೆ ಕಿರೀಟ ಇದ್ದರೆ ಬೆಲ್ಜಿಯಂನ ಲಿಯೇಜ್. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಇದ್ದರೆ ಬರ್ಮಿಂಗ್‌ಹ್ಯಾಮ್, ಅದೂ 1904ರ ನಂತರದ್ದು. ಜಿಪಿ ಹೆಣೆದುಕೊಂಡಿದ್ದರೆ ಲಂಡನ್. ಕಿರೀಟದ ಕೆಳಗೆ ಬಿ, ಯು, ಜಿ ಅಥವಾ ಎನ್ ಇದ್ದರೆ 1939ಕ್ಕಿಂತ ಹಿಂದಿನ ಜರ್ಮನಿ. ಕಿರೀಟದ ಜಾಗದಲ್ಲಿ ಹದ್ದು ಕೂತಿದ್ದರೆ ಆಮೇಲಿನದು. ಕೋಲ್ಟ್ ಅಥವಾ ಬ್ರೌನಿಂಗ್ ಮೇಲೆ "ನಾಟ್ ಇಂಗ್ಲಿಷ್ ಮೇಡ್" ಎಂಬ ಠಸ್ಸೆ ಸಿಕ್ಕರೆ ಅದು ಇಂಗ್ಲೆಂಡಿನ ಪರೀಕ್ಷಾಲಯದ ಮೂಲಕ ಹಾದು ಬಂದದ್ದು, 1925 ಮತ್ತು 1955ರ ನಡುವೆ. "ನಮ್ಮಜ್ಜ 1912ರಲ್ಲಿ ಬೊಂಬಾಯಿಯಲ್ಲಿ ಕೊಂಡದ್ದು" ಎಂಬ ಮಾತು ಈ ಒಂದು ಠಸ್ಸೆಯ ಮುಂದೆ ನಿಲ್ಲುವುದಿಲ್ಲ.

ವಾಯವ್ಯ ಗಡಿಯ ಕಮ್ಮಾರಸಾಲೆಗಳಲ್ಲಿ ಕೈಯಿಂದ ಮಾಡಿದ ನಕಲುಗಳು ಬರಹದಲ್ಲೇ ಸಿಕ್ಕಿಬೀಳುತ್ತವೆ. ಅಕ್ಷರಗಳ ಸಾಲು ಸೊಟ್ಟ, ಎನ್ ತಿರುಗುಮುರುಗು, ಕಾಗುಣಿತ ತಪ್ಪು, ನಂಬರಿನ ಅಂಕಿಗಳ ಗಾತ್ರ ಒಂದೊಂದು ತೆರ. ನೋಡಲು ಅಚ್ಚುಕಟ್ಟಾಗಿದ್ದರೂ ಹಾರಿಸಲು ಯೋಗ್ಯವಲ್ಲ.

ಬೋರನ್ನು ಕಾಗದಕ್ಕೆ ಇಳಿಸುವಾಗ ಆಗುವ ಗೊಂದಲವೇ ಮುಂದೆ ಕಾಡುವುದು. 7.65 ಮಿ.ಮೀ. ಬ್ರೌನಿಂಗ್ ಎಂದರೆ .32 ಆಟೋ. 7.65 ಲೂಗರ್ ಬೇರೆ ತೋಟೆ, 7.63 ಮೌಸರ್ ಮತ್ತೂ ಬೇರೆ. ಬರೀ "7.65" ಎಂದು ಬರೆಸಿಕೊಂಡರೆ ತೋಟೆ ಕೊಳ್ಳುವಾಗಲೂ ನವೀಕರಣದಲ್ಲೂ ತಕರಾರು. ಹಾಗೆಯೇ ಸ್ಲೈಡಿನ ಮೇಲೆ ಆ ಕಾಲದ ರೂಢಿಯಂತೆ "ಆಟೋಮ್ಯಾಟಿಕ್ ಪಿಸ್ತೂಲ್" ಎಂದೇ ಕೊರೆದಿರುತ್ತದೆ. ಅರ್ಜಿಯಲ್ಲಿ ಅದನ್ನೇ ನಕಲು ಮಾಡಿದರೆ, ಒತ್ತಿ ಹಿಡಿದರೆ ಹಾರುತ್ತಲೇ ಇರುವ ನಿಷೇಧಿತ ವರ್ಗವೆಂದು ಕಡತ ಹಿಂದೆ ಬರುತ್ತದೆ. ".32 (7.65 ಮಿ.ಮೀ. ಬ್ರೌನಿಂಗ್), ಸೆಮಿ-ಆಟೋಮ್ಯಾಟಿಕ್, ಒಂದು ಒತ್ತಿಗೆ ಒಂದು ಗುಂಡು" ಎಂದು ಪೂರ್ತಿ ಬರೆಯಿರಿ.

ಹಳೆಯ ಲೈಸೆನ್ಸ್ ಪುಸ್ತಕ ಸಿಕ್ಕರೆ ಎಸೆಯಬೇಡಿ. ನಮ್ಮ ಜಿಲ್ಲೆ 1862ರಿಂದ ಬೊಂಬಾಯಿ ಪ್ರಾಂತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಬೊಂಬಾಯಿ ಸರ್ಕಾರದ ಮೊಹರು, ಕಾರವಾರದ ಕಲೆಕ್ಟರರ ಸಹಿ, ಪಿಸ್ತೂಲಿನ ನಂಬರು ಮೂರೂ ಒಂದೇ ಹಾಳೆಯಲ್ಲಿ ಹೊಂದಿಬಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಕಾಗದವಿಲ್ಲದ ಕ್ರಾಂತಿಕಾರಿ ಕಥೆಗಳಿಗೆ ಮಾತ್ರ ಒಂದು ಕಾಸೂ ಹೆಚ್ಚು ಕೊಡಬೇಡಿ. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪನಿಯ 50 ಮೌಸರ್ ಪಿಸ್ತೂಲು, 46,000 ತೋಟೆ ಬಂಗಾಳದ ಕ್ರಾಂತಿಕಾರಿಗಳ ಪಾಲಾದವು. ಅಂದಿನಿಂದ ಕಂಡ ಕಂಡ ಸಿ96 ಎಲ್ಲ ಆ ಐವತ್ತರಲ್ಲೇ ಒಂದಾಗಿಬಿಟ್ಟಿದೆ. ಇನ್ನು ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹದ ಜೊತೆ ಪಿಸ್ತೂಲನ್ನು ಗಂಟುಹಾಕುವವರಿಗೆ ಏನು ಹೇಳೋಣ, ಅದು ಬರಿಗೈಯ ಹೋರಾಟ.

ಅಸಲಿ ಮೈ, ಉಜ್ಜಿದ ಮೈ

ಮೂಲ ಬ್ಲೂಯಿಂಗ್ (ಉಕ್ಕಿಗೆ ಕೊಟ್ಟ ನೀಲಿ-ಕಪ್ಪು ಮೇಲ್ಮೈ) ಸವೆದು ಮೂಲೆಗಳಲ್ಲಿ ಬಿಳಿ ಉಕ್ಕು ಇಣುಕುತ್ತಿರುವ ಪಿಸ್ತೂಲು, ಹೊಸದಾಗಿ ಕಪ್ಪು ಹೊಳಪು ಏರಿಸಿದ್ದಕ್ಕಿಂತ ಎಷ್ಟೋ ಮೇಲು. ಮರುಪಾಲಿಶ್ ಆದದ್ದನ್ನು ಕಣ್ಣಿಗಿಂತ ಬೆರಳು ಬೇಗ ಹಿಡಿಯುತ್ತದೆ: ಚೂಪಾಗಿರಬೇಕಾದ ಅಂಚು ದುಂಡಗಾಗಿರುತ್ತದೆ, ಅಕ್ಷರ ಆಳ ಕಳೆದುಕೊಂಡಿರುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗಾಗಿರುತ್ತದೆ. ಲೂಗರ್‌ನಲ್ಲಿ 1930ರ ದಶಕದ ನಡುವಿನವರೆಗೂ ಟ್ರಿಗರ್, ಸೇಫ್ಟಿಯಂಥ ಚಿಕ್ಕ ಭಾಗಗಳು ಒಣಹುಲ್ಲಿನ ಬಣ್ಣದವು. ಅವೂ ಕಪ್ಪಾಗಿದ್ದರೆ ಯಾರೋ ಕೈಯಾಡಿಸಿದ್ದಾರೆ. ಅದರ ಸಣ್ಣ ಭಾಗಗಳ ಮೇಲೂ ನಂಬರಿನ ಕೊನೆಯ ಎರಡು ಅಂಕಿ ಇರುತ್ತವೆ. ಒಂದೊಂದನ್ನೂ ಹೋಲಿಸಿ ನೋಡಿ.

ಮ್ಯಾಗಜೀನ್ ಮೊದಲು ಕಳೆದುಹೋಗುವ ಭಾಗ. ಮೂಲದ್ದೇ ಇದೆಯೇ, ತುಟಿಗಳು ಬಾಗಿವೆಯೇ ನೋಡಬೇಕು.

ಹಿಡಿಯ ಪಟ್ಟಿಗಳು ಆ ಕಾಲದಲ್ಲಿ ಹೆಚ್ಚಾಗಿ ಎಬೊನೈಟ್, ಎಂದರೆ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು. ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಬಿಸಿನೀರು ತಾಗಿದರೂ ಹಾಗೆಯೇ. ವಯಸ್ಸಾದಂತೆ ಬಿಸ್ಕತ್ತಿನ ಹಾಗೆ ಸಿಡಿಯುತ್ತದೆ. ಪಟ್ಟಿಯ ಕೆಳಗೇ ಬೆವರಿನ ಉಪ್ಪು ಕೂತು ಉಕ್ಕನ್ನು ತಿನ್ನುವುದರಿಂದ ಕೊಳ್ಳುವ ಮೊದಲು ಅಲ್ಲಿ ನೋಡಲೇಬೇಕು. ಸೀಳಿಗೆ ಸರಿಯಾಗಿ ತುಂಬುವ, ಬಾಯಿ ಸಮಾನಾಂತರವಾಗಿ ಉಜ್ಜಿದ ಸ್ಕ್ರೂಡ್ರೈವರ್ ಬೇಕು. ಮನೆಯ ಟೆಸ್ಟರ್ ತಿರುಗಿಸಿದರೆ ಸೀಳು ಹರಿಯುತ್ತದೆ. ಸ್ಕ್ರೂ ಬರದಿದ್ದರೆ ಒಂದು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ. ವೆಬ್ಲಿ .32ರ ಬಲಬದಿಯ ಪಟ್ಟಿಯ ಕೆಳಗೆ ದೊಡ್ಡ ವಿ ಆಕಾರದ ಸ್ಪ್ರಿಂಗು ಕೂತಿರುತ್ತದೆ, ಅದನ್ನು ಮೀಟಬೇಡಿ. ಎಫ್ಎನ್ 1910ರ ಮುಂತುದಿಯ ಬಳೆಯನ್ನು ತಿರುಗಿಸಿದರೆ ಒಳಗಿನ ಸ್ಪ್ರಿಂಗು ಅದನ್ನು ಮುಖಕ್ಕೇ ಹಾರಿಸುತ್ತದೆ. ಕನ್ನಡಕ ಹಾಕಿಕೊಂಡು, ಹೆಬ್ಬೆರಳು ಒತ್ತಿ ಹಿಡಿದೇ ಬಿಚ್ಚುವುದು. ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತಿ ಟಿಕ್ ಟಿಕ್ ಎನಿಸುವ ಚಪಲವನ್ನು ಬಿಡಬೇಕು. ನೂರು ವರ್ಷದ ಫೈರಿಂಗ್ ಪಿನ್ ಮುರಿದರೆ ಬದಲಿ ಸಿಗದು.

ಹಿಡಿ ಆನೆದಂತದ್ದಾದರೆ ಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಕುತ್ತಿಗೆಗೆ ಬರುತ್ತದೆ. ನೂರು ವರ್ಷ ದಾಟಿದ ವಸ್ತುವನ್ನು ವಿದೇಶದಲ್ಲಿರುವ ಮಗನಿಗೆ ಕಳಿಸುವ ಯೋಚನೆಯೂ ಬೇಡ, ಅದೇ ವರ್ಷದ ಪ್ರಾಚ್ಯವಸ್ತು ಕಾಯ್ದೆ ಅಡ್ಡ ನಿಲ್ಲುತ್ತದೆ.

ಉಪ್ಪುಗಾಳಿ, ಮಳೆ, ಮತ್ತು ಆಯುಧ ಪೂಜೆ

ಗಾಳಿಯ ತೇವ 60% ದಾಟಿದರೆ ಉಕ್ಕಿಗೆ ತುಕ್ಕು ಚುರುಕಾಗುತ್ತದೆ. ಮೇಲೆ ಉಪ್ಪು ಕೂತಿದ್ದರೆ 40ರಲ್ಲೂ ನಿಲ್ಲುವುದಿಲ್ಲ, ಯಾಕೆಂದರೆ ಉಪ್ಪು ತಾನೇ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಕಾರವಾರ, ಕುಮಟಾ, ಹೊನ್ನಾವರದ ಸಮುದ್ರ ಬದಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವೆರಡೂ ಒಟ್ಟಿಗೆ. ಶಿರಸಿ ಕಡೆ ಉಪ್ಪು ಕಡಿಮೆ, ಆದರೆ ಒದ್ದೆ ಹೆಚ್ಚು ದಿನ ನಿಲ್ಲುತ್ತದೆ.

ಉಪ್ಪಿನ ಅನುಮಾನವಿದ್ದರೆ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ. ಎಣ್ಣೆಯಲ್ಲಿ ಉಪ್ಪು ಕರಗದು, ಎಣ್ಣೆಯ ಕೆಳಗೇ ಕೆಲಸ ಮುಂದುವರಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಹತ್ತಿಬಟ್ಟೆ ಅದ್ದಿ, ಹಿಂಡಿ, ಲೋಹವನ್ನಷ್ಟೇ ಒರೆಸಿ. ಕೂಡಲೇ ಒಣಬಟ್ಟೆ, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಎಬೊನೈಟ್ ಪಟ್ಟಿಗೆ ಇದ್ಯಾವುದನ್ನೂ ತಾಗಿಸದೆ ಬರೀ ಒಣಬಟ್ಟೆ ಸಾಕು. ಕರಾವಳಿಯ ಬಾವಿನೀರಿನಲ್ಲಿ ಉಪ್ಪಿನಂಶ ಇರುವುದರಿಂದ ಅದು ಬೇಡ. ಹಳೆಯ ತೋಟೆ ಹಾರಿಸಿದ್ದ ನಳಿಗೆಗೂ ಇದೇ ಉಪಚಾರ. ಆ ಕಾಲದ ಪ್ರೈಮರ್‌ನ (ತೋಟೆಯ ಬುಡದ ಕಿಡಿಮದ್ದು) ಪೊಟ್ಯಾಶಿಯಂ ಕ್ಲೋರೇಟ್ ಸುಟ್ಟು ಉಳಿಸುವುದೂ ಒಂದು ಬಗೆಯ ಉಪ್ಪೇ.

ಕೆಂಪು ಪುಡಿಯಂಥ ತುಕ್ಕು ಜೀವಂತ, ಅದನ್ನು ತೆಗೆಯಬೇಕು. ಕಂದು-ಕಪ್ಪು ಗಟ್ಟಿ ಪದರ ಸತ್ತದ್ದು, ಅದನ್ನು ಹಾಗೇ ಬಿಡಬೇಕು. ತೆಳು ಖನಿಜ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ತಾಮ್ರದ ತುಂಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳದು. ಕೆಂಪು ಹೋದಲ್ಲಿಗೆ ಕೈ ನಿಲ್ಲಿಸಿ. ದೇವರ ಪಾತ್ರೆ ತೊಳೆಯುವಂತೆ ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ತಿಕ್ಕಿದರೆ ಹುಳಿ ಮೊದಲು ತಿನ್ನುವುದು ಬ್ಲೂಯಿಂಗನ್ನೇ. ಹತ್ತು ನಿಮಿಷದಲ್ಲಿ ಪಿಸ್ತೂಲು ಬೆಳ್ಳಗಾಗುತ್ತದೆ, ಬೆಲೆಯೂ ತೊಳೆದುಹೋಗುತ್ತದೆ. ತೆಂಗಿನೆಣ್ಣೆಯೂ ಬೇಡ. ಹಳಸಿದಾಗ ಹುಳಿಯಾಗುತ್ತದೆ, ಮೂಲೆಯಲ್ಲಿ ಅಂಟಾಗಿ ಕೂರುತ್ತದೆ, ಶಿರಸಿಯ ಚಳಿಗೆ ಗಟ್ಟಿಯಾಗಿ ಸ್ಲೈಡನ್ನೇ ಹಿಡಿಯುತ್ತದೆ.

ಒಳಭಾಗಕ್ಕೆ ತೆಳು ಎಣ್ಣೆ, ಹೊರಮೈಗೆ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್. ಬೆರಳ ತುದಿಯಷ್ಟು ಬಟ್ಟೆಗೆ ತೆಗೆದುಕೊಂಡು ತೆಳುವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು ಒರೆಸಿ, ಮತ್ತೊಂದು ಸಲ. ದಪ್ಪ ಹಚ್ಚಿದರೆ ಅಕ್ಷರದ ತಗ್ಗುಗಳಲ್ಲಿ ಬೆಳ್ಳಗೆ ಉಳಿಯುತ್ತದೆ. ಮುಟ್ಟುವಾಗ ಕೈಗವಸು.

ಚರ್ಮದ ಹೋಲ್‌ಸ್ಟರ್‌ನಲ್ಲಿ ಇಡುವುದೇ ಪಿಸ್ತೂಲು ಹಾಳಾಗುವ ಮುಖ್ಯ ದಾರಿ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ಆಮ್ಲ ಅದರಲ್ಲಿ ಉಳಿದಿರುತ್ತದೆ. ಎರಡನ್ನೂ ಬೇರೆ ಬೇರೆ ಇಡಿ. ಅಡಿಗೆಮನೆಯ ಹೊಗೆಅಟ್ಟ ಒಣಗಿರುತ್ತದೆಂದು ಅಲ್ಲಿಡುವ ಹಳೆಯ ರೂಢಿಯೂ ಒಳ್ಳೆಯದಲ್ಲ, ಕಟ್ಟಿಗೆ ಹೊಗೆಯಲ್ಲೂ ಆಮ್ಲವಿದೆ. ರಬ್ಬರ್ ಗ್ಯಾಸ್ಕೆಟ್ ಇರುವ, ಗಾಳಿಯಾಡದ ಹತ್ತು ಲೀಟರ್ ಡಬ್ಬಿ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್. ಸೂಚಿ 50 ದಾಟಿದರೆ ಜೆಲ್ ತೆಗೆದು ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಒಣಗಿಸಿ, ತಣಿದ ಮೇಲೆ ವಾಪಸ್. ಡಬ್ಬಿಯನ್ನು ಬೀಗದ ಕಬ್ಬಿಣದ ಕಪಾಟಿನಲ್ಲಿಡಿ. ಕಪಾಟು ಮಳೆ ಹೊಡೆಯುವ ಕಡೆಯ ಚಿರೆಕಲ್ಲಿನ ಗೋಡೆಗೆ ತಾಗಿರಬಾರದು, ಅಂಗೈ ಅಗಲ ಬಿಡಿ. ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಆಶ್ಲೇಷದ ಹೊತ್ತಿಗೆ ಒಮ್ಮೆ, ಚಿತ್ತೆ ಕಳೆದ ಮೇಲೆ ಒಮ್ಮೆ ತೆರೆದು ನೋಡಿದರೆ ಸಾಕು. ಆಗಾಗ ತೆರೆದಷ್ಟೂ ಹೊರಗಿನ ಹಸಿಗಾಳಿ ಒಳಗೆ.

ಆಯುಧ ಪೂಜೆಯ ದಿನ ಅರಿಶಿನ, ಕುಂಕುಮ, ಒದ್ದೆ ಗಂಧವನ್ನು ನೇರ ಸ್ಲೈಡಿಗೆ ಇಡಬೇಡಿ. ಒದ್ದೆ ಗಂಧದ ಬೊಟ್ಟು ಒಣಗುವಷ್ಟರಲ್ಲಿ ಅದರ ಅಡಿಯಲ್ಲಿ ದುಂಡನೆಯ ಕಂದು ಕಲೆ ಮೂಡಿರುತ್ತದೆ, ಅದು ವ್ಯಾಕ್ಸ್‌ಗೂ ಹೋಗದು. ರೇಷ್ಮೆ ಬಟ್ಟೆಯ ಮೇಲೆ ಪಿಸ್ತೂಲಿಟ್ಟು ಬೊಟ್ಟನ್ನು ಬಟ್ಟೆಗೋ ತಟ್ಟೆಗೋ ಇಟ್ಟರೆ ದೇವಿ ಬೇಸರ ಮಾಡಿಕೊಳ್ಳಲಾರಳು.

ಚುನಾವಣೆಗೆ ಒಪ್ಪಿಸುವಾಗ

ಚುನಾವಣೆ ಘೋಷಣೆಯಾದರೆ ಆಯುಧ ಠೇವಣಿ ಇಡುವಂತೆ ಆದೇಶ ಬರುತ್ತದೆ. ಬೇಸಿಗೆ ಕೊನೆಗೆ ಮತದಾನ ಬಿದ್ದರೆ ವಾಪಸ್ ಸಿಗುವಷ್ಟರಲ್ಲಿ ಮಳೆ ಶುರುವಾಗಿರುತ್ತದೆ. ಕೊಡುವ ಹಿಂದಿನ ದಿನ ವ್ಯಾಕ್ಸ್ ಮಾಡಿ, ತುಕ್ಕು ತಡೆಯುವ ವಿಸಿಐ ಕಾಗದದಲ್ಲಿ ಸುತ್ತಿ, ಮೇಲೆ ನಂಬರು, ಹೆಸರು ಬರೆದ ಚೀಟಿ ಕಟ್ಟಿ. ಎರಡೂ ಬದಿ, ಮೇಲ್ಭಾಗ, ಹಿಡಿಯ ಫೋಟೋ ತೆಗೆದಿಟ್ಟುಕೊಳ್ಳಿ, ಹಳೆಯ ಗೀರು, ಕಲೆಗಳು ಕಾಣುವಂತೆ. ರಸೀದಿಯಲ್ಲಿ ತಯಾರಕರು, ಬೋರು, ನಂಬರು, ಮ್ಯಾಗಜೀನ್ ಎಷ್ಟು ಎಂಬುದು ಇರಲೇಬೇಕು; "ಹಳೆಯ ಪಿಸ್ತೂಲು ಒಂದು" ಎಂಬ ರಸೀದಿಗೆ ಸಹಿ ಹಾಕಬೇಡಿ. ವಾಪಸ್ ಪಡೆಯುವಾಗ ಅಲ್ಲೇ ಕಾಗದ ಬಿಚ್ಚಿ, ನಂಬರನ್ನೂ ಮ್ಯಾಗಜೀನನ್ನೂ ರಸೀದಿಗೆ ಹೋಲಿಸಿ, ಆಮೇಲೆ ಸಹಿ. ಮನೆಗೆ ತಂದ ಸಂಜೆಯೇ ಒರೆಸಿ, ಒಣಗಿಸಿ, ಹೊಸ ಜೆಲ್ ಜೊತೆ ಡಬ್ಬಿಗೆ.